ಕರೆಂಟ್ ಹೋಗಿ ಬಂದ ಮೇಲೆ ಪೈ ಸರ್ವರ್ ಸರಿಯಾಗಿ ಏಳುತ್ತಿಲ್ಲ, ಕಾರ್ಡ್ ಬೇರೆ ತುಂಬಿದೆ

ಬೆಟ್ಟದಮನೆ:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಮನೆ ಯಲ್ಲಾಪುರದ ಕಡೆ, ಅಡಿಕೆ ತೋಟದ ಪಕ್ಕ. ಮನೆಯಲ್ಲಿ ಅಪ್ಪ, ಆಯಿ ಇಬ್ಬರೇ. ನಾನು ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿ ಇದ್ದೇನೆ. ಊರಲ್ಲಿ ಟಿವಿ ಹಿಂದೆ ಒಂದು ರಾಸ್‌ಬೆರಿ ಪೈ 4 ಇಟ್ಟಿದ್ದೇನೆ, ಅಂಗೈಯಗಲದ ಕಂಪ್ಯೂಟರ್; ಅದೇ ನಮ್ಮ ಸರ್ವರ್. 2 ಜಿಬಿ ರ್ಯಾಮ್, 64 ಜಿಬಿ ಎಸ್‌ಡಿ ಕಾರ್ಡ್, ಅದರಲ್ಲಿ ರಾಸ್‌ಬೆರಿ ಪೈ ಓಎಸ್ ಲೈಟ್ (ಪೈಗೆ ಮಾಡಿದ ಲಿನಕ್ಸ್). ಯುಎಸ್‌ಬಿಯಲ್ಲಿ 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಇದೆ, ಅದಕ್ಕೆ ಬೇರೆ ಅಡಾಪ್ಟರ್ ಇಲ್ಲ. ಪೈಗೆ ಹಾಕಿರುವುದು ಅಪ್ಪನ ಹಳೇ ಮೊಬೈಲಿನ ಚಾರ್ಜರ್, 5 ವೋಲ್ಟ್ 2 ಆಂಪ್ ಅಂತ ಬರೆದಿದೆ. ಪೈ, ರೂಟರ್ ಎರಡೂ ಮನೆಯ ಇನ್ವರ್ಟರ್ ಲೈನಿನ ಮೇಲಿವೆ.

ಓಡುತ್ತಿರುವುದು ಇಷ್ಟು. ಇಬ್ಬರ ಫೋನಿನ ಫೋಟೋ ಇಳಿಸಿಕೊಳ್ಳಲು ಸಿಂಕ್‌ಥಿಂಗ್. ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ ಹಾಕಿದ್ದೇನೆ, ಅದನ್ನು ಟಿವಿಗೆ ಕೊಡಲು ಮಿನಿಡಿಎಲ್‌ಎನ್‌ಎ. ಜಾಹೀರಾತು ತಡೆಯಲು ಪೈ-ಹೋಲ್; ಮನೆಯ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಐಪಿ ಸಂಖ್ಯೆ ಹೇಳುವ ಕೆಲಸ, ಅದರದ್ದೇ. ಅದರ ಹಿಂದೆ ಆ ಸಂಖ್ಯೆ ಹುಡುಕಿ ತರುವ ಅನ್‌ಬೌಂಡ್. ಅಂಗಳದಲ್ಲಿ ಅಡಿಕೆ ಒಣಗಿಸುವ ಕಡೆ ಒಂದು ಕ್ಯಾಮೆರಾ ಇದೆ, ಅದರ ವಿಡಿಯೋವನ್ನು ಎಫ್‌ಎಫ್‌ಎಂಪೆಗ್ ಸ್ಕ್ರಿಪ್ಟ್ ಒಂದು ಡಿಸ್ಕ್‌ಗೆ ಬರೆಯುತ್ತದೆ. ಹುಬ್ಬಳ್ಳಿಯಿಂದ ಒಳಗೆ ಹೋಗಲು ಟೇಲ್‌ಸ್ಕೇಲ್, ಯಾಕೆಂದರೆ ನಮ್ಮ ಕನೆಕ್ಷನ್‌ಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ವಿಳಾಸ) ಇಲ್ಲ.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಮಳೆ ಶುರುವಾದ ಮೇಲೆ ತೊಂದರೆ.

ಕರೆಂಟ್ ಹೋದ ಕ್ಷಣಕ್ಕೆ ಎಷ್ಟೋ ಸಲ ಪೈ ರೀಬೂಟ್ ಆಗುತ್ತದೆ, ಇನ್ವರ್ಟರ್ ಇದ್ದರೂ. ಎದ್ದ ಮೇಲೆ ಕೆಲವು ಸಲ ಡಿಸ್ಕ್ ಇರುವುದಿಲ್ಲ. ನಾನು ಇಲ್ಲಿಂದ ಲಾಗಿನ್ ಆಗಿ ಕೈಯಲ್ಲಿ ಮೌಂಟ್ ಮಾಡಿದರೆ, ಅಂದರೆ ಡಿಸ್ಕನ್ನು ಅದರ ಫೋಲ್ಡರಿಗೆ ಜೋಡಿಸಿದರೆ, ಬರುತ್ತದೆ. ಗಾಳಿಗೆ ಮರ ಬಿದ್ದು ಕೆಲವು ದಿನ ಕರೆಂಟೇ ಇಲ್ಲದಿದ್ದಾಗ ಇನ್ನೊಂದು ಆಯಿತು. ಕರೆಂಟ್ ಬಂತು, ರೂಟರಿನ ಲೈಟೆಲ್ಲ ಸರಿ, ಆದರೆ ಮನೆಯಲ್ಲಿ ಯಾವ ಫೋನಿಗೂ ಇಂಟರ್ನೆಟ್ ಇಲ್ಲ. ಟೇಲ್‌ಸ್ಕೇಲ್‌ನಲ್ಲೂ ಪೈ ಕಾಣಲಿಲ್ಲ. ಪಕ್ಕದ ಮನೆ ಹುಡುಗನಿಗೆ ಫೋನ್ ಮಾಡಿ ರೂಟರಿನಲ್ಲಿ ಡಿಎನ್‌ಎಸ್ ಬದಲಿಸಿಸಿದೆ. ಆಮೇಲೆ ಬಂತು. ಪೈ ಲಾಗ್ ನೋಡಿದರೆ ಅದರಲ್ಲಿ ಹಳೇ ತಾರೀಕು!

ಈಗ ಹೊಸ ವಿಚಿತ್ರ. ಎಸ್‌ಡಿ ಕಾರ್ಡ್ 100% ತುಂಬಿದೆ ಎಂದು ಡಿಎಫ್ ಕಮಾಂಡ್ ಹೇಳುತ್ತದೆ. ಫೋಲ್ಡರುಗಳ ಗಾತ್ರ ಹೇಳುವ ಡಿಯು ಕಮಾಂಡ್ ಹಾಕಿ ಹುಡುಕಿದರೆ, ಹಾರ್ಡ್ ಡಿಸ್ಕ್ ಬಿಟ್ಟು, ಸಿಗುವುದು 6 ಜಿಬಿ ಮಾತ್ರ. ಉಳಿದದ್ದು ಎಲ್ಲಿ? ಕಾರ್ಡ್ ಸಾಯುತ್ತಿದೆಯಾ? ಹೊಸ ಕಾರ್ಡ್ ತಂದರೆ ಸಾಕಾ, ಅಥವಾ ಪೈ ಬಿಟ್ಟು ಬೇರೆ ಏನಾದರೂ ತರಬೇಕಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ:

ಪೈ ಬಿಡಿ. ನನ್ನ ಸಲಹೆ ಇಷ್ಟೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ ಮಿನಿ ಪಿಸಿಗಳು ಸಿಗುತ್ತವೆ. ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೋ ಥರದವು. ಡಿಸ್ಕ್ ಒಳಗೇ ಕೂರುತ್ತದೆ. ಗಡಿಯಾರಕ್ಕೆ ಬೋರ್ಡ್ ಮೇಲೆ ಸೆಲ್ ಇರುತ್ತದೆ. ಬಯಾಸ್‌ನಲ್ಲಿ ‘ಕರೆಂಟ್ ಬಂದಾಗ ತಾನೇ ಆನ್ ಆಗು’ ಅನ್ನುವ ಆಯ್ಕೆ ಇದೆ, ಅದೊಂದು ಹಾಕಿದರೆ ಮುಗಿಯಿತು. ಸುಮ್ನೆ ಇದ್ದಾಗ 10 ವಾಟ್ ಆಸುಪಾಸು ತಿನ್ನುತ್ತದೆ. ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಪೈ ಮತ್ತು ಡಿಸ್ಕ್ ಸೇರಿ 4 ಯೂನಿಟ್ ಅಂದುಕೊಳ್ಳಿ. 3 ಯೂನಿಟ್ ಉಳಿಸಲು ಇಷ್ಟು ಒದ್ದಾಟ ಯಾಕೆ?

ಕಾರ್ಡ್ ಅಂತೂ ಹೋಗಿದೆ ಅನಿಸುತ್ತದೆ.

ಬೆಸುಗೆಕಡ್ಡಿ:

ಕಾರ್ಡ್ ಹೋಗಿಲ್ಲ. ಎಸೆಯಬೇಡಿ.

ನಾನು ಶಿವಮೊಗ್ಗದಲ್ಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುವವನು. ಲಿನಕ್ಸ್ ಆಮೇಲೆ ಅಂಟಿಕೊಂಡದ್ದು. ಹಾಗಾಗಿ ಯಾರು ಸರ್ವರ್ ಕೆಟ್ಟಿದೆ ಅಂದರೂ ನನ್ನ ಕೈ ಮೊದಲು ಮಲ್ಟಿಮೀಟರಿಗೆ ಹೋಗುತ್ತದೆ, ಕೀಬೋರ್ಡಿಗೆ ಅಲ್ಲ. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ರೋಗ ಇವೆ. ಆದರೆ ಮೂರಕ್ಕೂ ಶುರು ಒಂದೇ ಕಡೆ: ಕರೆಂಟ್.

ಮೊದಲು ಕಾಣೆಯಾದ ಜಾಗ, ಯಾಕೆಂದರೆ ಅದು ಸಿಕ್ಕರೆ ನಿಮಗೆ ಇವತ್ತು ರಾತ್ರಿ ನಿದ್ದೆ ಬರುತ್ತದೆ. ನಿಮ್ಮ ಕ್ಯಾಮೆರಾ ಸ್ಕ್ರಿಪ್ಟ್‌ನಲ್ಲಿ ಪ್ರತಿದಿನಕ್ಕೆ ಒಂದು ಹೊಸ ಫೋಲ್ಡರ್ ಮಾಡುವ ಸಾಲು ಇದೆ ಅಲ್ವಾ? ‘ಎಂಕೆಡಿಐಆರ್ -ಪಿ’ ಅಂತ? ಇದ್ದೇ ಇರುತ್ತದೆ. ಆ -ಪಿ ಅನ್ನುವುದು ತುಂಬ ಒಳ್ಳೆಯ ಮನಸ್ಸಿನದು. ದಾರಿಯಲ್ಲಿ ಯಾವ ಫೋಲ್ಡರ್ ಇಲ್ಲದಿದ್ದರೂ ತಾನೇ ಮಾಡಿಕೊಡುತ್ತದೆ. ಡಿಸ್ಕ್ ಬಂದಿಲ್ಲ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಡಿಸ್ಕ್ ಕೂರಬೇಕಾದ ಖಾಲಿ ಫೋಲ್ಡರ್ ಇರುವುದು ಎಸ್‌ಡಿ ಕಾರ್ಡಿನಲ್ಲಿ. ಡಿಸ್ಕ್ ಇಲ್ಲದ ಹೊತ್ತಿನಲ್ಲಿ ವಿಡಿಯೋ ಎಲ್ಲ ಆ ಫೋಲ್ಡರಿಗೆ, ಅಂದರೆ ಕಾರ್ಡಿಗೆ, ಹೋಗುತ್ತದೆ. ಆಮೇಲೆ ನೀವು ಹುಬ್ಬಳ್ಳಿಯಿಂದ ಡಿಸ್ಕ್ ಮೌಂಟ್ ಮಾಡಿದಿರಿ. ಅಂಗಳದಲ್ಲಿ ಹರಡಿದ ಅಡಿಕೆ ಮೇಲೆ ಚಾಪೆ ಹಾಸಿದ ಹಾಗೆ ಆಯಿತು. ಅಡಿಕೆ ಅಲ್ಲೇ ಇದೆ, ಕಾಣುವುದು ಚಾಪೆ ಮಾತ್ರ. ಡಿಎಫ್ ಕಾರ್ಡಿನ ಲೆಕ್ಕದ ಪುಸ್ತಕವನ್ನೇ ಓದುತ್ತದೆ, ಹಾಗಾಗಿ ತುಂಬಿದೆ ಅನ್ನುತ್ತದೆ. ಡಿಯು ಫೋಲ್ಡರ್ ಫೋಲ್ಡರ್ ಹೊಕ್ಕು ಎಣಿಸುತ್ತದೆ, ಮುಚ್ಚಿದ್ದು ಅದಕ್ಕೆ ಸಿಗುವುದಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಪ್ರಮಾಣವೂ ಹೊಂದುತ್ತದೆ ನೋಡಿ. ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್ ಕಳಿಸಿದರೆ ದಿನಕ್ಕೆ 10.8 ಜಿಬಿ. 64 ಜಿಬಿ ಕಾರ್ಡಿನ ಖಾಲಿ ಜಾಗ ಮುಗಿಯಲು ಒಂದು ವಾರ ಬೇಡ.

ಇಣುಕಿ ನೋಡಲು ಡಿಸ್ಕ್ ತೆಗೆಯಬೇಕಾಗಿಲ್ಲ. ‘ಇಣುಕು’ ಅಂತ ಒಂದು ಖಾಲಿ ಫೋಲ್ಡರ್ ಮಾಡಿ, ರೂಟನ್ನು (ಕಾರ್ಡಿನ ಎಲ್ಲಕ್ಕೂ ಮೇಲಿನ ಫೋಲ್ಡರ್) ಅದಕ್ಕೆ ಬೈಂಡ್ ಮೌಂಟ್ ಮಾಡಿ, ಅಂದರೆ ಅದೇ ಫೋಲ್ಡರ್ ಇಲ್ಲಿಯೂ ಕಾಣುವಂತೆ ಮಾಡಿ. ಬೈಂಡ್ ಮಾಡಿದಾಗ ಮೇಲೆ ಕೂತ ಬೇರೆ ಡಿಸ್ಕ್‌ಗಳು ಜೊತೆಗೆ ಬರುವುದಿಲ್ಲ. ಹಾಗಾಗಿ ‘ಇಣುಕು’ ಒಳಗೆ ಹೋಗಿ ಅದೇ ಜಾಗ ನೋಡಿದರೆ ಕಾರ್ಡಿನ ಮೇಲಿರುವ ವಿಡಿಯೋಗಳು ಸಾಲಾಗಿ ಸಿಗುತ್ತವೆ. ಬೇಕಾದ್ದು ಡಿಸ್ಕ್‌ಗೆ ಸಾಗಿಸಿ, ಉಳಿದದ್ದು ಅಳಿಸಿ. ಅಳಿಸುವ ಮೊದಲು ದಾರಿಯನ್ನು ಎರಡು ಸಲ ಓದಿ, ‘ಇಣುಕು’ ಒಳಗೇ ಇದ್ದೀರಾ ಅಂತ.

ಇನ್ನು ಮುಂದೆ ಹಾಗಾಗದಂತೆ ತಡೆಯುವುದು. ಡಿಸ್ಕ್ ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರಿಗೆ ‘ಸಿಎಚ್‌ಆ್ಯಟ್ರ್ +ಐ’ ಹಾಕಿ. ಆಗ ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಕೂಡ ಅದರೊಳಗೆ ಏನೂ ಬರೆಯಲಾರ. ಡಿಸ್ಕ್ ಮೌಂಟ್ ಆದಾಗ ಮಾಮೂಲಿನಂತೆ ಬರೆಯಬಹುದು, ಆ ಬೀಗ ಕೆಳಗಿನ ಫೋಲ್ಡರಿಗೆ ಮಾತ್ರ. ನನಗೆ ಗೊತ್ತಿರುವ ಅತ್ಯಂತ ಅಗ್ಗದ ಕಾವಲು ಇದು. ಜೊತೆಗೆ ಕ್ಯಾಮೆರಾ ಸ್ಕ್ರಿಪ್ಟನ್ನು ಸಿಸ್ಟಮ್‌ಡಿ (ಬೂಟ್ ಆಗುವಾಗ ಒಂದೊಂದನ್ನೇ ಎಬ್ಬಿಸುವ ವ್ಯವಸ್ಥೆ) ಸರ್ವಿಸ್ ಮಾಡಿ, ಅದರಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಅಂತ ಡಿಸ್ಕಿನ ದಾರಿ ಕೊಡಿ. ಡಿಸ್ಕ್ ಇಲ್ಲದಿದ್ದರೆ ಸ್ಕ್ರಿಪ್ಟ್ ಏಳುವುದೇ ಇಲ್ಲ. ಸಿಂಕ್‌ಥಿಂಗ್ ಇದನ್ನು ತಾನಾಗಿಯೇ ನೋಡಿಕೊಳ್ಳುತ್ತದೆ. ಪ್ರತಿ ಫೋಲ್ಡರಿನಲ್ಲೂ ಒಂದು ಗುರುತು ಇಟ್ಟಿರುತ್ತದೆ, ಅದು ಕಾಣದಿದ್ದರೆ ಆ ಫೋಲ್ಡರಿನ ಕೆಲಸ ನಿಲ್ಲಿಸಿ ದೂರು ಹೇಳುತ್ತದೆ. ಇಲ್ಲದಿದ್ದರೆ ‘ಎಲ್ಲ ಫೋಟೋ ಅಳಿಸಿದ್ದಾರೆ’ ಅಂದುಕೊಂಡು ಆಯಿಯ ಫೋನಿನಲ್ಲೂ ಅಳಿಸಿಬಿಡುತ್ತಿತ್ತು.

ಈಗ ನನ್ನ ಕಸುಬಿಗೆ ಬರುತ್ತೇನೆ. ಡಿಸ್ಕ್ ಯಾಕೆ ಬರುವುದಿಲ್ಲ?

ಪೈ 4ಕ್ಕೆ ಅವರೇ ಹೇಳಿರುವುದು 5.1 ವೋಲ್ಟ್, 3 ಆಂಪ್. ನಿಮ್ಮದು 5 ವೋಲ್ಟ್, 2 ಆಂಪ್. ಆ 0.1 ವೋಲ್ಟ್ ಸುಮ್ನೆ ಇಟ್ಟದ್ದಲ್ಲ, ಕೇಬಲ್ಲಿನಲ್ಲಿ ಕಳೆದುಹೋಗುವುದಕ್ಕೆ ಕೊಟ್ಟದ್ದು. ತೆಳ್ಳಗಿನ ಕೇಬಲ್ಲಿನಲ್ಲಿ ಹೋಗಿ ಬರುವ ತಂತಿ ಸೇರಿ 0.25 ಓಮ್ ಇದೆ ಅಂದುಕೊಳ್ಳಿ. 2 ಆಂಪ್ ಹರಿದಾಗ ಅರ್ಧ ವೋಲ್ಟ್ ಅಲ್ಲೇ ಹೋಯಿತು. ಪೈಗೆ ತಲುಪಿದ್ದು 4.5. ಸುಮಾರು 4.63ರ ಕೆಳಗೆ ಇಳಿದರೆ ಪೈ ‘ವೋಲ್ಟೇಜ್ ಕಡಿಮೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡುವ ಕ್ಷಣದಲ್ಲೇ ಅದು ಜಾಸ್ತಿ ಎಳೆಯುವುದು. ಪೈ ಬೂಟ್ ಆಗುವಾಗಲೇ ಅದೂ ತಿರುಗಲು ಹೊರಡುತ್ತದೆ. ಇಬ್ಬರೂ ಒಟ್ಟಿಗೆ ಎಳೆದರೆ ಡಿಸ್ಕ್ ಸೋಲುತ್ತದೆ. ನೀವು ಆಮೇಲೆ ಶಾಂತವಾಗಿ ಮೌಂಟ್ ಮಾಡಿದಾಗ ಬರುತ್ತದೆ. ನಿಮ್ಮ ಲಕ್ಷಣ ಇದಕ್ಕೆ ಸರಿಯಾಗಿ ಕೂರುತ್ತದೆ.

ನನ್ನ ಮಾತು ನಂಬಬೇಡಿ, ಪೈಯನ್ನೇ ಕೇಳಿ. ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಓಡಿಸಿ. ಉತ್ತರದ ಕೊನೆಯಲ್ಲಿ ಬರೀ 0 ಬಂದರೆ ನನ್ನ ಊಹೆ ತಪ್ಪು. 50000 ಬಂದರೆ ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದಿದೆ. 50005 ಬಂದರೆ ಈ ಕ್ಷಣವೂ ಬಿದ್ದೇ ಇದೆ. ರೀಬೂಟ್ ಆದರೆ ಗುರುತು ಅಳಿಸಿಹೋಗುತ್ತದೆ, ಅದಕ್ಕೆ ಮೊದಲು ಕೇಳಿ.

ಸರಿಯಾದ 5.1 ವೋಲ್ಟ್ ಅಡಾಪ್ಟರ್ ತನ್ನಿ, ಕೇಬಲ್ ಅದಕ್ಕೇ ಅಂಟಿರುವಂಥದ್ದು. ಫಾಸ್ಟ್ ಚಾರ್ಜರ್ ಅಂತ 33 ವಾಟ್, 65 ವಾಟ್ ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಆ ವಾಟ್ ಎಲ್ಲ ಫೋನಿನ ಜೊತೆ ಮಾತಾಡಿಕೊಂಡು ವೋಲ್ಟೇಜ್ ಏರಿಸಿದಾಗ ಸಿಗುವುದು. ಪೈ ಕೇಳುವುದು 5 ವೋಲ್ಟ್ ಮಾತ್ರ, ಅಲ್ಲಿ ಹಲವು ಚಾರ್ಜರ್‌ಗಳು ಕೊಡುವುದು 2 ಆಂಪ್. ಪೈ 4ರ ನಾಲ್ಕೂ ಯುಎಸ್‌ಬಿ ಸೇರಿ ಹೊರಗೆ ಕೊಡಬಲ್ಲದ್ದು 1.2 ಆಂಪ್. ಹೊಸ ಅಡಾಪ್ಟರ್ ಹಾಕಿಯೂ ಡಿಸ್ಕ್ ತಕರಾರು ಮಾಡಿದರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಅದನ್ನು ಹಾಕಿ.

ಕೊನೆಗೆ ಇನ್ವರ್ಟರ್. ಅದರ ಮೇಲೆ ಎಲ್ಲಾದರೂ ಯುಪಿಎಸ್, ಇಕೋ ಅಂತ ಎರಡು ಗುರುತಿನ ಸ್ವಿಚ್ ಇದೆಯಾ ನೋಡಲು ಅಪ್ಪನಿಗೆ ಹೇಳಿ. ಕೆಲವರಲ್ಲಿ ಇಕೋ ಬದಲು ನಾರ್ಮಲ್ ಅಂತ ಇರುತ್ತದೆ. ಇಕೋದಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನಿಗೆ, ಬಲ್ಬಿಗೆ ಗೊತ್ತಾಗುವುದಿಲ್ಲ, ಪೈಗೆ ಗೊತ್ತಾಗುತ್ತದೆ. ಯುಪಿಎಸ್ ಮೋಡಿನಲ್ಲಿ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತದೆ.

ಹಾಗಾದರೆ ಯುಪಿಎಸ್‌ಗೆ ತಿರುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ, ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆ ಎಲ್ಲರೂ ಪಂಪ್ ಹಾಕಿದಾಗ ನಿಮ್ಮಲ್ಲಿ ವೋಲ್ಟೇಜ್ ಎಷ್ಟು? ಯುಪಿಎಸ್ ಮೋಡ್ ಸಾಮಾನ್ಯವಾಗಿ 180 ವೋಲ್ಟಿನ ಕೆಳಗೆ ಬಂದರೆ ‘ಕರೆಂಟ್ ಇಲ್ಲ’ ಅಂತಲೇ ತಿಳಿದುಕೊಳ್ಳುತ್ತದೆ. ಲೈನಿನಲ್ಲಿ 160 ಇದ್ದರೂ ಬ್ಯಾಟರಿ ಸುಡುತ್ತಾ ಕೂರುತ್ತದೆ. ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಖಾಲಿ. ಇಕೋ ಮೋಡ್ 100 ವೋಲ್ಟಿನವರೆಗೂ ಸಹಿಸುತ್ತದೆ, ಹಳ್ಳಿಗೆ ಅದನ್ನೇ ಇಟ್ಟುಕೊಡುವುದು ಅದಕ್ಕೇ. ನಿಮ್ಮಲ್ಲಿ ವೋಲ್ಟೇಜ್ ಕಡಿಮೆ ಅಂತಾದರೆ ಇನ್ವರ್ಟರ್ ಮುಟ್ಟಬೇಡಿ. ರೂಟರಿಗೆ ಅಂತ ಮಾರುವ ಸಣ್ಣ 12 ವೋಲ್ಟ್ ಯುಪಿಎಸ್ ತಂದು, ಅದರಿಂದ ರೂಟರಿಗೆ ನೇರ, ಪೈಗೆ ಒಂದು ಬಕ್ ಕನ್ವರ್ಟರ್ ಹಾಕಿ 5.1ಕ್ಕೆ ಇಳಿಸಿ ಕೊಡಿ. ಯುಪಿಎಸ್ 2 ಆಂಪಿನದಿದ್ದರೆ ಎರಡನ್ನೂ ಎಳೆಯುತ್ತದೆಯಾ ಅಂತ ರೂಟರಿನ ಅಡಾಪ್ಟರ್ ಮೇಲೆ ಬರೆದದ್ದು ನೋಡಿ ಲೆಕ್ಕ ಹಾಕಿ. ಕನ್ವರ್ಟರನ್ನು ಪೈಗೆ ಸೇರಿಸುವ ಮೊದಲೇ ಮೀಟರ್ ಹಿಡಿದು ಸೆಟ್ ಮಾಡಬೇಕು. ಸೇರಿಸಿದ ಮೇಲೆ ಸ್ಕ್ರೂ ತಿರುಗಿಸಿದರೆ ಪೈಗೆ 12 ವೋಲ್ಟ್ ಹೋಗಿ, ನಾನು ಕೂಡ ರಿಪೇರಿ ಮಾಡಲಾರೆ.

ಸಿಲ್ಕ್‌ಬೋರ್ಡ್ ಅವರು ಹೇಳಿದ ಮಿನಿ ಪಿಸಿ ಒಳ್ಳೆಯದೇ, ಬಿಲ್ಲಿನಲ್ಲಿ ಏನೂ ವ್ಯತ್ಯಾಸ ಆಗದು. ಆದರೆ ಅದನ್ನು ಸಣ್ಣ ರೂಟರ್ ಯುಪಿಎಸ್ ಮೇಲೆ ಓಡಿಸಲಾಗದು. ಅದು ಕೇಳುವುದೇ 19 ವೋಲ್ಟ್ ಆಸುಪಾಸು.

ಕಡಲತಡಿ:

ಬೆಸುಗೆ ಸರ್ ತಾರೀಕಿನ ವಿಷಯ ಬಿಟ್ಟುಬಿಟ್ಟರು, ಅದನ್ನು ನಾನು ಹೇಳುತ್ತೇನೆ.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಪೈ 5ರಿಂದ ಬೋರ್ಡ್ ಮೇಲೇ ಕೊಟ್ಟಿದ್ದಾರೆ, ಸೆಲ್ ನಾವು ತಂದು ಹಾಕಬೇಕು. ನಿಮ್ಮ ಪೈ ಎದ್ದಾಗ ಕೊನೆಗೆ ಉಳಿಸಿಟ್ಟುಕೊಂಡ ಸಮಯದಿಂದಲೇ ಮುಂದುವರಿಯುತ್ತದೆ. ಆಮೇಲೆ ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಕೇಳುತ್ತದೆ. ಐದು ನಿಮಿಷ ಕರೆಂಟ್ ಹೋದರೆ ತೊಂದರೆ ಇಲ್ಲ. ಕೆಲವು ದಿನ ಹೋದರೆ ಇದೆ.

ನಿಮ್ಮಲ್ಲಿ ಅನ್‌ಬೌಂಡ್ ಡಿಎನ್‌ಎಸ್‌ಸೆಕ್ ಪರೀಕ್ಷೆ ಮಾಡುತ್ತಿರಬೇಕು. ಅಂದರೆ ಪ್ರತಿ ಉತ್ತರದ ಸಹಿ ನೋಡುತ್ತದೆ. ಪ್ರತಿ ಸಹಿಗೂ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಅಂತ ಅವಧಿ ಇದೆ. ಪೈ ಇನ್ನೂ ಕಳೆದ ವಾರದಲ್ಲಿ ಕೂತಿದ್ದರೆ ಇವತ್ತಿನ ಸಹಿ ಅದಕ್ಕೆ ‘ಇನ್ನೂ ಶುರುವಾಗದ’ ಸಹಿ. ತಿರಸ್ಕಾರ ಮಾಡುತ್ತದೆ. ಸಮಯ ಕೊಡುವ ಸರ್ವರಿನ ಹೆಸರನ್ನು ಹುಡುಕುವುದೂ ಇದೇ ಅನ್‌ಬೌಂಡ್ ಮೂಲಕ. ಹೆಸರು ಸಿಗದೆ ಸಮಯ ಇಲ್ಲ, ಸಮಯ ಇಲ್ಲದೆ ಹೆಸರು ಸಿಗದು. ಮನೆಯ ಎಲ್ಲ ಫೋನಿಗೂ ಡಿಎನ್‌ಎಸ್ ಈ ಪೈ ಒಂದೇ. ಟೇಲ್‌ಸ್ಕೇಲ್ ಕಾಣದಿದ್ದದ್ದೂ ಇದಕ್ಕೇ.

ಈ ಸುತ್ತು ಮುರಿಯಲು ಖರ್ಚಿಲ್ಲದ ದಾರಿ: ಪೈಯಲ್ಲಿ ಸಮಯ ಕೇಳುವ ಟೈಮ್‌ಸಿಂಕ್‌ಡಿಯ ಸೆಟ್ಟಿಂಗಿನಲ್ಲಿ ಹೆಸರಿನ ಜೊತೆ ಒಂದು ಐಪಿ ಸಂಖ್ಯೆ ಕೂಡ ಕೊಡಿ. ಕ್ಲೌಡ್‌ಫ್ಲೇರ್‌ನ ಸಮಯದ ಸರ್ವರ್ 162.159.200.1. ಗೂಗಲ್‌ನದು 216.239.35.0. ಸಂಖ್ಯೆಗೆ ಡಿಎನ್‌ಎಸ್ ಬೇಡ, ನೇರ ಹೋಗಿ ಸಮಯ ತರುತ್ತದೆ.

ಇನ್ನೊಂದು, ಇದು ನನ್ನ ಅಭಿಪ್ರಾಯ, ಬೈಯಬೇಡಿ. ವಯಸ್ಸಾದವರಿಬ್ಬರೇ ಇರುವ ಮನೆಯಲ್ಲಿ ಪೈ-ಹೋಲನ್ನು ಒಂದೇ ಡಿಎನ್‌ಎಸ್ ಮಾಡಬಾರದು. ರೂಟರಿನಲ್ಲಿ ಎರಡನೆಯದಾಗಿ ಹೊರಗಿನ ಒಂದು ಡಿಎನ್‌ಎಸ್ ಹಾಕಿಡಿ. ಫೋನ್‌ಗಳು ಆಗಾಗ ಆ ಎರಡನೆಯದನ್ನೂ ಕೇಳುತ್ತವೆ, ಹಾಗಾಗಿ ಒಂದಷ್ಟು ಜಾಹೀರಾತು ನುಸುಳುತ್ತದೆ. ನುಸುಳಲಿ. ಪೈ ಮಲಗಿದಾಗ ಅವರ ವಾಟ್ಸಾಪ್ ಮಲಗಬಾರದು.

ಬೆಸುಗೆಕಡ್ಡಿ:

ಕಡಲತಡಿಯವರದ್ದು ಸರಿ. ಐಪಿ ಹಾಕುವುದು ಸಾಕು. ಆದರೆ ಇಂಟರ್ನೆಟ್ಟೇ ಬಂದಿಲ್ಲದಾಗ ಕ್ಯಾಮೆರಾ ಫೈಲಿಗೆ ತಪ್ಪು ತಾರೀಕು ಬೀಳುತ್ತದೆ. ಅಡಿಕೆ ಕಳುವಾದ ದಿನವೇ ಹಾಗಾದರೆ ವಿಡಿಯೋ ಇದ್ದೂ ಜಗಳ. ಅದಕ್ಕೆ ಡಿಎಸ್3231 ಅನ್ನುವ ಗಡಿಯಾರದ ಮಾಡ್ಯೂಲ್ ಹಾಕಿ. ವರ್ಷಕ್ಕೆ ಒಂದು ನಿಮಿಷ ಆಚೀಚೆ ಹೋದರೆ ಹೆಚ್ಚು. ಪೈಯ 1ನೇ ಪಿನ್ 3.3 ವೋಲ್ಟ್, 3 ಮತ್ತು 5 ಡೇಟಾ ಮತ್ತು ಕ್ಲಾಕ್, 9 ಗ್ರೌಂಡ್. ಕಾನ್ಫಿಗ್ ಫೈಲಿನಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇಗೆ ಒಂದು ಸಾಲು ಹಾಕಿದರೆ ಪೈ ಆ ಗಡಿಯಾರವನ್ನು ಗುರುತಿಸುತ್ತದೆ.

ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುವ ನೀಲಿ ಬೋರ್ಡಿನ ಮೇಲೆ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದು ಚಾರ್ಜ್ ಆಗುವ ಎಲ್‌ಐಆರ್2032 ಸೆಲ್‌ಗೆ ಮಾಡಿದ್ದು. ನಮ್ಮ ಅಂಗಡಿಗಳಲ್ಲಿ ಸಿಗುವುದು ಸಿಆರ್2032, ಅದನ್ನು ಚಾರ್ಜ್ ಮಾಡಬಾರದು. ಬೋರ್ಡ್ ಮೇಲೆ 201 ಅಂತ ಬರೆದ ಪುಟ್ಟ ರೆಸಿಸ್ಟರ್ ಇದೆ, ಬೆಸುಗೆ ಕಡ್ಡಿ ತಾಗಿಸಿ ಎಬ್ಬಿಸಿಬಿಡಿ. ಮಾಡ್ಯೂಲನ್ನು ಪೈಯ 5 ವೋಲ್ಟ್ ಪಿನ್‌ಗೆ ಮಾತ್ರ ಯಾವತ್ತೂ ಹಾಕಬೇಡಿ.

ಬೆಟ್ಟದಮನೆ:

ಸರ್, ‘ಇಣುಕು’ ಒಳಗೆ ಇಣುಕಿದೆ. 50 ಜಿಬಿಗೂ ಜಾಸ್ತಿ ವಿಡಿಯೋ! ಎಲ್ಲ ನಮ್ಮ ಅಂಗಳ, ಅರ್ಧದಲ್ಲಿ ಪಕ್ಕದ ಮನೆಯ ನಾಯಿ. ಅಳಿಸಿದೆ, ಕಾರ್ಡ್ ಖಾಲಿ. ‘ಸಿಎಚ್‌ಆ್ಯಟ್ರ್’ ಹಾಕಿ ಬೇಕಂತಲೇ ಡಿಸ್ಕ್ ತೆಗೆದು ನೋಡಿದೆ, ಸ್ಕ್ರಿಪ್ಟ್ ಅನುಮತಿ ಇಲ್ಲ ಎಂದು ನಿಂತಿತು. ಗೆಟ್_ಥ್ರಾಟಲ್ಡ್ ಉತ್ತರ 50005.

ಇನ್ವರ್ಟರ್ ಇಕೋದಲ್ಲೇ ಇದೆಯಂತೆ. ಅಪ್ಪ ಹೇಳಿದ ಪ್ರಕಾರ ಸಂಜೆ ಸ್ಟೆಬಿಲೈಜರ್ ಮೇಲೆ 165, 170 ತೋರಿಸುತ್ತದೆ. ಹಾಗಾಗಿ ಅದನ್ನು ಮುಟ್ಟುವುದಿಲ್ಲ. ಅಡಾಪ್ಟರ್ ಆರ್ಡರ್ ಮಾಡಿದೆ. ಐಪಿ ಹಾಕಿದೆ, ರೂಟರಿನಲ್ಲಿ ಎರಡನೇ ಡಿಎನ್‌ಎಸ್ ಕೂಡ.

ಇನ್ನೊಂದು ಪ್ರಶ್ನೆ. ಲ್ಯಾಪ್‌ಟಾಪಿಗೂ ಹಾಕಬಹುದು ಅಂತ ಡಿಸ್ಕನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲೇ ಇಟ್ಟಿದ್ದೇನೆ. ಪರವಾಗಿಲ್ಲವಾ?

ಬೆಸುಗೆಕಡ್ಡಿ:

ಹಾಗೆ ಇಡಬೇಡಿ. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಎಲ್ಲಿಯವರೆಗೆ ಬರೆದಿತ್ತು ಅನ್ನುವುದಕ್ಕೆ ದಾಖಲೆ ಇರುವುದಿಲ್ಲ. ನಿಮ್ಮ ಕ್ಯಾಮೆರಾ ಇಡೀ ದಿನ ಬರೆಯುತ್ತದೆ. ಜರ್ನಲ್ ಇರುವ ಎಕ್ಸ್‌ಟಿ4 ಮಾಡಿ. ಲ್ಯಾಪ್‌ಟಾಪಿಗೆ ಬೇಕಾದ್ದನ್ನು ನೆಟ್‌ವರ್ಕ್ ಮೂಲಕ ತೆಗೆದುಕೊಳ್ಳಿ, ಸಾಂಬಾ ಹಾಕಿದರೆ ಆಯಿತು.

ಮುಂದಿನ ಸಲ ಊರಿಗೆ ಹೋದಾಗ ಕೂತು ಮಾಡಿ, ದೂರದಿಂದ ಬೇಡ. ಮೊದಲು ಎಲ್ಲ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ, ನಕಲಿನಿಂದ ಒಂದೆರಡು ಫೈಲ್ ತೆರೆದು ನೋಡಿ, ಆಮೇಲೆ ಫಾರ್ಮ್ಯಾಟ್. ವಾಪಸ್ ಹಾಕಿದ ಮೇಲೆ ಫೈಲುಗಳ ಒಡೆತನ ಸಿಂಕ್‌ಥಿಂಗ್ ಓಡುವ ಯೂಸರಿಗೆ ಕೊಡಬೇಕು. ಎಕ್ಸ್‌ಫ್ಯಾಟ್‌ನಲ್ಲಿ ಆ ಗೊಡವೆ ಇರಲಿಲ್ಲ, ಎಕ್ಸ್‌ಟಿ4ರಲ್ಲಿ ಇದೆ. ಮತ್ತೆ ಫಾರ್ಮ್ಯಾಟ್ ಆದಾಗ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಬದಲಾಗುತ್ತದೆ. ಯಾವ ಡಿಸ್ಕ್ ಎಲ್ಲಿ ಕೂರಬೇಕು ಅಂತ ಬರೆದಿರುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಹೊಸ ಯುಯುಐಡಿ ಹಾಕಿ, ವಿಧ ಎಕ್ಸ್‌ಟಿ4 ಅಂತ ಬದಲಿಸಿ, ‘ನೋಫೇಲ್’ (ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಬೇಡ ಅನ್ನುವುದು) ಹಾಗೇ ಬಿಡಿ. ನೀವು ಅಲ್ಲಿರುವಾಗಲೇ ಇನ್ವರ್ಟರ್ ಆಫ್ ಮಾಡಿ, ಮನೆಯ ಮೇನ್ ಸ್ವಿಚ್ ಇಳಿಸಿ, ಮತ್ತೆ ಏರಿಸಿ, ಎಲ್ಲ ತಾನಾಗಿ ಏಳುತ್ತದೆಯಾ ನೋಡಿ.